ಐದನೆಯ ನಡೆ

ಆ ಊರಿನಲ್ಲಿ ಸತ್ತವರ ಹೆಸರು ತಾನಾಗಿ ಉಳಿಯುತ್ತಿರಲಿಲ್ಲ. ಅದನ್ನು ಆಡಿ ಗೆದ್ದು ಉಳಿಸಿಕೊಳ್ಳಬೇಕಿತ್ತು.

ಪದ್ಧತಿ ಹೀಗೆ. ಆ ಊರಿನಲ್ಲಿ ಎಲ್ಲರೂ ಚದುರಂಗ ಆಡುವವರೇ. ಹಾಲು ಬಿಡಿಸಿದ ಮಗುವಿನ ಕೈಗೆ ಮೊದಲು ಕೊಡುವುದು ಮರದ ಒಂದು ಕಾಲಾಳನ್ನು. ಯಾರಾದರೂ ತೀರಿಕೊಂಡರೆ ಮೂರನೆಯ ದಿನ ಆ ಮನೆಗೆ ಹಲಗೆಯಜ್ಜ ಬರುತ್ತಾನೆ. ಜಗಲಿಯ ಮೇಲೆ ಕೂತು, ಉಳಿ ಸುತ್ತಿಗೆಯನ್ನು ಪಕ್ಕಕ್ಕಿಟ್ಟುಕೊಂಡು, ಹೋದವರು ಆಟ ಶುರು ಮಾಡುತ್ತಿದ್ದುದು ಹೇಗೆ ಎಂದು ಕೇಳುತ್ತಾನೆ. ಮನೆಯವರು ಹೇಳಿದ ಮೊದಲ ಐದು ನಡೆಗಳನ್ನು ಒಂದು ಹಲಸಿನ ಹಲಗೆಯ ಮೇಲೆ ಕೆತ್ತುತ್ತಾನೆ. ನಡೆಗಳ ಮೇಲೆ ಹೆಸರು ಕೆತ್ತುತ್ತಾನೆ. ಹುಟ್ಟಿದ್ದು, ಬೆಳೆದದ್ದು, ಗಳಿಸಿದ್ದು, ಕಳೆದದ್ದು ಯಾವುದೂ ಅವನಿಗೆ ಬೇಡ. ಮನುಷ್ಯ ಹೇಗೆ ಶುರು ಮಾಡುತ್ತಾನೋ ಅದೇ ಅವನು, ಮುಗಿಸುವುದು ಯಾರ ಕೈಯಲ್ಲೂ ಇಲ್ಲ ಎಂದು ಊರಿನ ನಂಬಿಕೆ. ಕೆತ್ತಿದ ಹಲಗೆಯನ್ನು ಬಾಗಿಲ ಮೇಲೆ ತೂಗುಹಾಕಿ, ಒಂದು ಲೋಟ ನೀರು ಕುಡಿದು ಹೊರಟು ಹೋಗುತ್ತಾನೆ.

ಮೂರು ವರ್ಷ ಆ ಹೆಸರು ಮನೆಯವರದು. ದಿನಾ ದೀಪ ಹಚ್ಚುವ ಹೊತ್ತಿಗೆ ಹೊಸ್ತಿಲಲ್ಲಿ ನಿಂತು, ಸತ್ತವರನ್ನು ಹೆಸರು ಹಿಡಿದು ಒಂದು ಸಲ ಕರೆಯಬಹುದು. ಮೂರನೆಯ ವರ್ಷದ ಮಕ್ಕಳ ಪಂದ್ಯದ ದಿನ ಆ ಮನೆಯ ಮಗುವೊಂದು ಹಲಗೆ ಹೊತ್ತುಕೊಂಡು ಚೌಕಕ್ಕೆ ಬರಬೇಕು. ಹದಿನಾಲ್ಕು ತುಂಬಿರಬಾರದು. ಹಲಗೆಯ ಐದು ನಡೆಗಳನ್ನು ಇದ್ದದ್ದು ಇದ್ದ ಹಾಗೆ ಆಡಬೇಕು, ಅಲ್ಲಿಂದ ಮುಂದೆ ಸ್ವಂತ ಬುದ್ಧಿಯಿಂದ ಆಡಬೇಕು, ಆ ವರ್ಷ ಊರಿನ ಉಳಿದ ಮಕ್ಕಳನ್ನೆಲ್ಲ ಸೋಲಿಸಿ ನಿಂತ ಮಗುವನ್ನು ಗೆಲ್ಲಬೇಕು. ಗೆದ್ದರೆ ಊರಿರುವವರೆಗೂ ಆ ಹೆಸರಿರುತ್ತದೆ. ಸೋತರೆ ಅಂದಿನಿಂದ ಅದನ್ನು ಯಾರೂ ಬಾಯಲ್ಲಿ ಆಡುವ ಹಾಗಿಲ್ಲ. ಹಡೆದವಳೂ ಆಡುವ ಹಾಗಿಲ್ಲ.

ಇಂಥ ಭಾರವನ್ನು ಮಕ್ಕಳ ತಲೆಯ ಮೇಲೆ ಯಾಕೆ ಹೊರಿಸಿದರು ಎಂದರೆ, ದೊಡ್ಡವರು ಆಡಲು ಕೂತರೆ ಸತ್ತವರನ್ನು ಮರೆತು ತಮ್ಮನ್ನೇ ಗೆಲ್ಲಿಸಿಕೊಳ್ಳುತ್ತಾರೆ ಎಂದು ಹಿಂದೆ ಯಾರೋ ಕಂಡುಕೊಂಡಿದ್ದರಂತೆ. ಬೇರೆ ಊರಿನವರಿಗೆ ಇದೆಲ್ಲ ಹುಚ್ಚಾಟ ಅನ್ನಿಸಬಹುದು. ಅವರ ಊರುಗಳಲ್ಲಿ ಸತ್ತವರನ್ನು ಮರೆಯುವುದಕ್ಕೆ ಇಷ್ಟು ಕಷ್ಟವನ್ನೂ ಪಡುವುದಿಲ್ಲ ಎಂದು ಕೇಳಿದ್ದೇನೆ. ಇರಲಿ, ನಮಗೆ ಬೇಕಾದ್ದು ಒಂದು ಮನೆಯ ಕಥೆ.

ಆ ಮನೆಯಲ್ಲಿ ಇದ್ದವರು ಮೂರೇ ಜನ. ತಾಯಿ, ಅಕ್ಕ, ತಮ್ಮ. ತಮ್ಮನ ಹೆಸರು ಮುದ್ದುರಂಗ. ಏಳು ತುಂಬಿದ ವರ್ಷ ಅವನು ಜ್ವರದಲ್ಲಿ ಹೋದ. ಅಂದಿನಿಂದ ತಾಯಿ ದಿನಾ ಸಂಜೆ ಹೊಸ್ತಿಲಲ್ಲಿ ನಿಂತು, ಸೆರಗಿಗೆ ಕೈ ಒರೆಸಿಕೊಳ್ಳುತ್ತ, "ಮುದ್ದುರಂಗಾ, ಊಟಕ್ಕೆ ಬಾರೋ" ಎಂದು ಕರೆಯುತ್ತಿದ್ದಳು. ಅವನು ಬೀದಿಯಲ್ಲೇ ಎಲ್ಲೋ ಆಡುತ್ತಿದ್ದಾನೆ ಎನ್ನುವ ಹಾಗೆ, ಸ್ವಲ್ಪ ಗದರಿಸಿಯೇ ಕರೆಯುತ್ತಿದ್ದಳು. ದಿನಕ್ಕೊಂದು ಸಲ ಹಾಗೆ ಕರೆಯುವುದಕ್ಕಾಗಿಯೇ ಅವಳು ಬೆಳಗ್ಗೆ ಏಳುತ್ತಿದ್ದಳು ಎಂದರೂ ಸರಿಯೇ. ಅಕ್ಕ ಮಾತ್ರ ಆ ಹೊತ್ತಿಗೆ ಸರಿಯಾಗಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳು. ಮೂರು ವರ್ಷದಲ್ಲಿ ಒಂದು ದಿನವೂ ಅವಳು ಆ ಹೆಸರು ಹಿಡಿದು ಕರೆದದ್ದಿಲ್ಲ. ದುಃಖ ಜಾಸ್ತಿ, ಪಾಪ, ಎಂದುಕೊಂಡಿತು ಊರು.

ದುಃಖವೇನೋ ಜಾಸ್ತಿಯೇ. ಆದರೆ ಅದರ ಬುಡದಲ್ಲಿ ಇನ್ನೊಂದಿತ್ತು.

ತಮ್ಮನಿಗೆ ಆರು ತುಂಬಿದ ವರ್ಷ ಒಂದು ಮಧ್ಯಾಹ್ನ ಅವನು ಅಕ್ಕನನ್ನು ಸೋಲಿಸಿಬಿಟ್ಟ. ಗೆದ್ದದ್ದು ಅವನಿಗೇ ಗೊತ್ತಾಗಲಿಲ್ಲ. "ಅಕ್ಕಾ, ಈಗ ಯಾರ ಸರದಿ?" ಎಂದು ಕೇಳಿದ. ಜಗಲಿಯಲ್ಲಿ ನೋಡುತ್ತ ಕೂತಿದ್ದವರು ಹೋ ಎಂದು ನಕ್ಕರು, ಅವನನ್ನು ಎತ್ತಿ ಮುದ್ದಾಡಿದರು, ಒಬ್ಬರಂತೂ ಮನೆಗೆ ಓಡಿಹೋಗಿ ಬೆಲ್ಲ ತಂದು ಅವನ ಬಾಯಿಗಿಟ್ಟರು. ಅಕ್ಕ ಒಬ್ಬಳೇ ಕೂತು ಕಾಯಿಗಳನ್ನು ಡಬ್ಬಿಗೆ ತುಂಬಿದಳು. ಹೊಟ್ಟೆಯಲ್ಲಿ ಕಿಚ್ಚು ಬಿತ್ತು. ಹೊಟ್ಟೆಕಿಚ್ಚಿಗೆ ಒಂಬತ್ತು ವರ್ಷವೇನೂ ಸಣ್ಣ ವಯಸ್ಸಲ್ಲ.

ಮಾರನೆಯ ದಿನ ಅವನನ್ನು ಕಣಜದ ಹಿಂದೆ ಕರೆದುಕೊಂಡು ಹೋಗಿ, "ದೊಡ್ಡ ದೊಡ್ಡ ಆಟಗಾರರ ಒಂದು ಗುಟ್ಟು ಹೇಳ್ತೀನಿ, ಯಾರಿಗಾದ್ರೂ ಹೇಳಿದ್ರೆ ನೋಡು" ಎಂದಳು.

"ಹೇಳಲ್ಲ ಅಕ್ಕಾ. ಆಣೆಗೂ ಹೇಳಲ್ಲ."

"ಐದನೇ ನಡೇಲಿ ರಾಜನ್ನ ಒಂದು ಮನೆ ಮುಂದಕ್ಕೆ ತರಬೇಕು. ರಾಜ ಅಂಗಳಕ್ಕೆ ಬಂದು ನಿಂತ್ರೆ ಸೈನ್ಯಕ್ಕೆಲ್ಲ ಧೈರ್ಯ ಬರತ್ತೆ."

ಆಟ ಬಲ್ಲವರಿಗೆ ಇದರ ಅನ್ಯಾಯ ಹೇಳಬೇಕಾಗಿಲ್ಲ. ಬಾರದವರಿಗಾಗಿ ಹೇಳುತ್ತೇನೆ. ಮೊದಲು ರಾಜನ ಮುಂದಿನ ಕಾಲಾಳು ಎರಡು ಮನೆ ಹೋಗುತ್ತದೆ, ಆಮೇಲೆ ಕುದುರೆ ಹಾರುತ್ತದೆ, ಒಂಟೆ ಹೊರಡುತ್ತದೆ, ಮಂತ್ರಿಯ ಕಾಲಾಳು ಒಂದು ಹೆಜ್ಜೆ ಇಡುತ್ತದೆ. ಈ ನಾಲ್ಕು ನಡೆಗಳನ್ನು ಊರಿನ ಮಕ್ಕಳೆಲ್ಲ ಆಡುತ್ತಾರೆ. ಐದನೆಯದಕ್ಕೆ ರಾಜನನ್ನು ಪಕ್ಕಕ್ಕೆ ಸರಿಸಿ, ಆನೆಯ ಮರೆಗೆ ಸೇರಿಸಿ, ಕೋಟೆ ಕಟ್ಟಿಬಿಡುತ್ತಾರೆ. ಆಮೇಲೆ ಅವನಿಗೆ ಭಯವಿಲ್ಲ. ಹಾಗೆ ಮಾಡದೆ ಒಂದು ಹೆಜ್ಜೆ ಮುಂದೆ ಬಂದನೋ, ಮುಗಿಯಿತು, ಆ ಆಟದಲ್ಲಿ ಅವನಿಗೆ ಮತ್ತೆ ಕೋಟೆ ಇಲ್ಲ. ಎಲ್ಲರ ಬಾಣಕ್ಕೂ ಎದೆ ಕೊಟ್ಟು ಬಯಲಿನಲ್ಲೇ ನಿಂತಿರಬೇಕು.

ಮುದ್ದುರಂಗ ಅವತ್ತಿನಿಂದ ಐದನೆಯ ನಡೆಗೆ ರಾಜನನ್ನು ಅಂಗಳಕ್ಕೆ ತರುತ್ತ ಬಂದ. ಅವತ್ತಿನಿಂದ ಸೋಲುತ್ತಲೂ ಬಂದ. ಅಕ್ಕ ಗೆದ್ದಾಗಲೆಲ್ಲ ಎದ್ದು ಕುಣಿಯುತ್ತಿದ್ದಳು, ಅವನೂ ಚಪ್ಪಾಳೆ ತಟ್ಟುತ್ತಿದ್ದ. ಕೂಸಿನ ಆಟ ಕೂಸಿನದೇ ಎಂದು ಊರಿನವರು ಬೆಲ್ಲ ಕೊಡುವುದನ್ನು ನಿಲ್ಲಿಸಿದರು. ಹೀಗೇ ಒಂದು ವರ್ಷ ಕಳೆಯಿತು. ಜ್ವರ ಬಂದಾಗಲೂ ಹಾಸಿಗೆಯ ಮೇಲೆ ಮಣೆ ಇಟ್ಟುಕೊಂಡು, "ಒಂದೇ ಒಂದು ಆಟ ಅಕ್ಕಾ" ಎಂದ. ಐದನೆಯ ನಡೆಯ ಹೊತ್ತಿಗೆ ರಾಜನನ್ನು ಎರಡೂ ಕೈಯಲ್ಲಿ ಹಿಡಿದು ಮುಂದಿಟ್ಟ. ಆ ದಿನವೂ ಅವಳೇ ಗೆದ್ದಳು. ಜ್ವರದ ಮಗುವನ್ನೂ ಬಿಡಲಿಲ್ಲ. ನಾಳೆ ನಿಜ ಹೇಳಿಬಿಡೋಣ ಎಂದುಕೊಂಡು ಮಲಗಿದಳು. ಬೆಳಗಾಗುವಷ್ಟರಲ್ಲಿ ಅವನು ಇರಲಿಲ್ಲ.

ಮೂರನೆಯ ದಿನ ಹಲಗೆಯಜ್ಜ ಬಂದು ಕೇಳಿದಾಗ ಐದು ನಡೆಗಳನ್ನು ಹೇಳಿದವಳು ಅವಳೇ. ಐದನೆಯದನ್ನು ಕೇಳಿ ಅಜ್ಜ ಉಳಿ ಕೆಳಗಿಟ್ಟ.

"ಇದು ಅವನದೇ ನಡೆಯೇನಮ್ಮಾ? ಇಲ್ಲಾ ಯಾರಾದ್ರೂ ತಲೆಗೆ ತುಂಬಿದ್ದಾ? ಬೇರೆಯವರು ತುರುಕಿದ ನಡೆ ಹಲಗೆ ಮೇಲೆ ಬರಬಾರದು, ನೋಡು."

ತಾಯಿ ಮಗಳ ಕಡೆ ನೋಡಿದಳು. ಮಗಳು ನೆಲ ನೋಡಿದಳು. ನಿಜ ಹೇಳಿದರೆ ಅಮ್ಮ ಇನ್ನು ಯಾವತ್ತೂ ತನ್ನ ಮುಖ ನೋಡುವುದಿಲ್ಲ ಎಂದು ಅವಳಿಗೆ ಅನ್ನಿಸಿತು.

"ಅವನದೇ ಅಜ್ಜ" ಎಂದಳು.

ತಾಯಿ ಏನೂ ಅನ್ನಲಿಲ್ಲ. ಅಜ್ಜ ಸುತ್ತಿಗೆ ಎತ್ತಿಕೊಂಡು ಕೆತ್ತಿದ.

ಆಮೇಲಿನ ಮೂರು ವರ್ಷ ಅಕ್ಕ ಮಾಡಿದ್ದು ಒಂದೇ ಕೆಲಸ. ರಾಜನನ್ನು ಅಂಗಳದಲ್ಲಿ ನಿಲ್ಲಿಸಿ, ಅಲ್ಲಿಂದ ಗೆಲ್ಲುವ ದಾರಿ ಹುಡುಕುವುದು. ಊಟಕ್ಕೆ ಕೂತಾಗ ಎಲೆಯ ಮೇಲೆ ಹುಡುಕಿದಳು, ಒಗೆಯುವಾಗ ಕಲ್ಲಿನ ಮೇಲೆ ಹುಡುಕಿದಳು. ದಾರಿಗಳು ಸಿಗುತ್ತಿದ್ದವು, ಒಂದಿಷ್ಟು ದೂರ ಹೋಗಿ ಮುಚ್ಚಿಕೊಳ್ಳುತ್ತಿದ್ದವು. ಯಾಕೆಂದರೆ ಆ ಬೋನನ್ನು ಹೆಣೆದವಳು ಅವಳೇ, ಚೆನ್ನಾಗಿಯೇ ಹೆಣೆದಿದ್ದಳು. ತಮ್ಮನ ಮೇಲೆ ಎಂಥ ಪ್ರೀತಿ ಈ ಹುಡುಗಿಗೆ ಎಂದು ಊರು ಹೊಗಳುತ್ತಿತ್ತು. ಹಾಗೆ ಹೊಗಳಿದವರ ಮನೆಯ ಕಡೆ ಅವಳು ತಲೆ ಹಾಕುತ್ತಿರಲಿಲ್ಲ.

ಪಂದ್ಯದ ದಿನ ಬಂತು. ಚೌಕವೆಂದರೆ ಕರಿಯ ಕಲ್ಲು ಬಿಳಿಯ ಕಲ್ಲು ಹಾಸಿದ ಬಯಲು, ಒಂದೊಂದು ಕಲ್ಲೂ ಒಂದೊಂದು ಮನೆಯವರದು. ಅವರವರ ಕಲ್ಲಿನ ಮೇಲೆ ಊರೆಲ್ಲ ಕೂತಿತು. ನಡುವೆ ಮಣೆ, ಮಣೆಯ ಪಕ್ಕ ನೀರಿನ ಹಂಡೆ, ಹಂಡೆಯಲ್ಲಿ ತೂತಿನ ಗಳಿಗೆ ಬಟ್ಟಲು. ಬಟ್ಟಲು ತುಂಬಿ ಮುಳುಗುವುದರೊಳಗೆ ನಡೆ ಇಡಬೇಕು. ಆ ವರ್ಷ ಎಲ್ಲರನ್ನೂ ಸೋಲಿಸಿ ಬಂದವಳು ಗಾಣದ ಮನೆಯ ಹುಡುಗಿ, ಹನ್ನೊಂದು ವರ್ಷ, ಮುಂದಿನ ಎರಡು ಹಲ್ಲು ದೊಡ್ಡವು. ಹಾಗೆ ಎದುರು ಕೂರುವ ಮಗುವಿಗೆ ಕಳೆದುಕೊಳ್ಳಲು ಏನೂ ಇರುವುದಿಲ್ಲ, ಅದಕ್ಕೇ ಚೆನ್ನಾಗಿ ಆಡುತ್ತದೆ. ಅವಳು ನೀರು ಮುಟ್ಟಿ, "ಕನಿಕರಕ್ಕೆ ಆಡಲ್ಲ" ಎಂದು ಮೂರು ಸಲ ಹೇಳಿದಳು. ಕನಿಕರಕ್ಕೆ ಆಡಿದರೆ ಅವಳ ಮನೆಯ ಅಷ್ಟೂ ಹಲಗೆಗಳು ಇಳಿಯುತ್ತವೆ.

ಅಜ್ಜ ಹಲಗೆ ನೋಡಿ ಮೊದಲ ನಡೆ ಓದಿದ. ಅಕ್ಕ ಕಾಲಾಳನ್ನು ಎರಡು ಮನೆ ನಡೆಸಿದಳು. "ಮುದ್ದುರಂಗ" ಎಂದಿತು ಊರು.

ಅಜ್ಜ ಎರಡನೆಯದು ಓದಿದ. ಕುದುರೆ ಹಾರಿತು. "ಮುದ್ದುರಂಗ" ಎಂದಿತು ಊರು.

ಒಂಟೆ ಹೊರಟಿತು. "ಮುದ್ದುರಂಗ."

ಮಂತ್ರಿಯ ಕಾಲಾಳು ಹೆಜ್ಜೆ ಇಟ್ಟಿತು. "ಮುದ್ದುರಂಗ."

ಅಜ್ಜ ಐದನೆಯದು ಓದಿದ. ಅಕ್ಕ ರಾಜನ ತಲೆಯ ಮೇಲೆ ಬೆರಳಿಟ್ಟಳು. ಬಟ್ಟಲಿಗೆ ನೀರು ಏರುತ್ತಿತ್ತು. ತಾಯಿ ತನ್ನ ಕಲ್ಲಿನ ಮೇಲೆ, ಮೊಣಕಾಲು ತಬ್ಬಿಕೊಂಡು ಕೂತಿದ್ದಳು. ಇವತ್ತು ಸೋತರೆ ಸಂಜೆ ಅಮ್ಮ ಹೊಸ್ತಿಲಿಗೆ ಬಂದು, ಬಾಯಿ ತೆರೆದು, ಹಾಗೇ ಮುಚ್ಚಿಕೊಳ್ಳಬೇಕು. ಅದನ್ನು ನೋಡುವುದಕ್ಕಿಂತ ಅಮ್ಮ ತನ್ನನ್ನು ದ್ವೇಷಿಸುವುದೇ ವಾಸಿ ಎಂದು ಅವಳಿಗೆ ಆ ಗಳಿಗೆಯಲ್ಲಿ ಹೊಳೆಯಿತು. ಮೂರು ವರ್ಷ ಯಾಕೆ ಹೊಳೆಯಲಿಲ್ಲವೋ. ಬೆರಳು ತೆಗೆದು ಎದ್ದು ನಿಂತಳು.

"ಅಜ್ಜ, ಈ ನಡೆ ಅವನದಲ್ಲ."

ಗಾಣದ ಮನೆಯ ಹುಡುಗಿ ಬಾಯಿ ತೆರೆದುಕೊಂಡು ನೋಡಿದಳು.

"ನಾನು ಹೇಳಿಕೊಟ್ಟಿದ್ದು. ನನ್ನ ಗೆದ್ದುಬಿಟ್ಟಿದ್ದ, ಹೊಟ್ಟೆ ಉರೀತು. ಸೋಲಲಿ ಅಂತಾನೇ ಸುಳ್ಳು ಹೇಳಿಕೊಟ್ಟೆ. ದೊಡ್ಡವರ ಗುಟ್ಟು ಅಂದೆ, ನಂಬಿಬಿಟ್ಟ. ಅವತ್ತು ನೀವು ಕೇಳಿದಾಗ್ಲೂ ಸುಳ್ಳೇ ಹೇಳಿದೆ. ಕೆತ್ತಿ ತೆಗೀರಿ ಅಜ್ಜ, ನಿಮ್ಮ ದಮ್ಮಯ್ಯ."

ಅಜ್ಜನ ಮುಖ ಅರಳಿತು. ಸುಳ್ಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಆ ಮಗುವಿನ ಹೆಸರು ಹೋಗುವುದು ಅವನಿಗೂ ಬೇಕಿರಲಿಲ್ಲ. ಉಳಿ ಕೈಗೆತ್ತಿಕೊಂಡು, "ರಾಜನ್ನ ಇನ್ನೂ ಎತ್ತಿಲ್ಲ, ಆದ್ದರಿಂದ ತೆಗೀಬಹುದು. ಮನೆಯವರ ಸಾಕ್ಷಿ ಒಂದು ಬೇಕು" ಎಂದವನು ತಾಯಿಯ ಕಡೆ ತಿರುಗಿದ. "ಏನು ತಾಯಿ? ನಿನ್ನ ಮಗಳು ಹೇಳ್ತಿರೋದು ನಿಜವಾ? ಹೌದು ಅಂದುಬಿಡು, ಸಾಕು."

ಅಕ್ಕ ಮೂರು ವರ್ಷದಲ್ಲಿ ಮೊದಲ ಸಲ ತಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಅಲ್ಲಿ ಸಿಟ್ಟಿರಲಿಲ್ಲ. ಆಶ್ಚರ್ಯವೂ ಇರಲಿಲ್ಲ.

"ಹೇಳಿಕೊಟ್ಟಿದ್ದು ನಿಜ" ಎಂದಳು ತಾಯಿ. "ಆದರೆ ನಡೆ ಅವನದೇ."

"ಅದು ಹೇಗವ್ವಾ?" ಎಂದ ಅಜ್ಜ.

"ಎರಡನೇ ದಿನಕ್ಕೇ ಅವನಿಗೆ ಗೊತ್ತಾಗಿತ್ತು ಅಜ್ಜ. ನಾನು ಬೀಸೋಕಲ್ಲಿನ ಮುಂದೆ ಕೂತಿದ್ದೆ. ಬಂದು ಪಕ್ಕ ಕೂತ. 'ಅಮ್ಮಾ, ರಾಜ ಹೊರಗೆ ಬಂದ್ರೆ ಸೋತುಹೋಗ್ತಾನೆ, ನಾನು ಎಲ್ಲಾ ತರ ನೋಡ್ದೆ' ಅಂದ. ಮತ್ತೆ ಯಾಕೋ ತರ್ತೀಯ ಅಂದೆ. 'ಅಕ್ಕ ಗೆದ್ರೆ ಕುಣೀತಾಳೆ ಅಮ್ಮಾ, ಎಷ್ಟು ಚೆನ್ನಾಗಿ ಕುಣೀತಾಳೆ' ಅಂದ." ತಾಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ಗೊತ್ತಿದ್ದೂ ಗೊತ್ತಿದ್ದೂ ಆಡಿದ. ಒಂದು ವರ್ಷ ಆಡಿದ."

ಅಜ್ಜನ ಕೈಯಲ್ಲಿ ಉಳಿ ಹಾಗೇ ಇತ್ತು.

"ಯೋಚನೆ ಮಾಡಿ ಹೇಳು ತಾಯಿ. ಇದೊಂದನ್ನ ತೆಗೆದುಬಿಟ್ರೆ ನಿನ್ನ ಮಗಳು ಗೆಲ್ತಾಳೆ. ಹೆಸರು ಉಳಿಯತ್ತೆ. ನಿತ್ಯ ಕರೀಬಹುದು."

"ಮೊದಲ ನಾಲ್ಕು ನಡೆ ಊರ ಮಕ್ಕಳೆಲ್ಲ ಆಡ್ತಾರೆ ಅಜ್ಜ. ಅವನದು ಅಂತ ಇರೋದು ಇದೊಂದೇ. ಇದನ್ನ ಕೆತ್ತಿ ತೆಗೆಸಿ ಹೆಸರು ಉಳಿಸಿಕೊಂಡ್ರೆ, ನಾನು ದಿನಾ ಸಂಜೆ ಕರೆಯೋದು ಯಾರನ್ನ?"

ಬಟ್ಟಲು ಅಂಚಿನವರೆಗೂ ತುಂಬಿತ್ತು. ಅಮ್ಮಾ, ಹೌದು ಅನ್ನು, ಒಂದೇ ಒಂದು ಸಲ ಹೌದು ಅನ್ನು ಎಂದು ಅಕ್ಕನಿಗೆ ಕೂಗಬೇಕು ಅನ್ನಿಸಿತು. ಕೂತಳು. ರಾಜನನ್ನು ಎತ್ತಿ ಒಂದು ಮನೆ ಮುಂದಕ್ಕೆ ಇಟ್ಟಳು.

"ಮುದ್ದುರಂಗ" ಎಂದಿತು ಊರು. ಈ ಸಲ ಮೆಲ್ಲಗೆ, ಮಲಗಿದ ಮಗು ಎದ್ದುಬಿಡಬಾರದು ಎನ್ನುವ ಹಾಗೆ.

ಆಮೇಲೆ ಅಕ್ಕ ಆಡಿದ ಆಟವನ್ನು ನೋಡಿದವರು ಅಂಥದ್ದನ್ನು ಮತ್ತೆ ನೋಡಿಲ್ಲ ಎನ್ನುತ್ತಾರೆ. ಹೊತ್ತು ನೆತ್ತಿಗೆ ಬಂತು, ನೆತ್ತಿಯಿಂದ ಇಳಿಯಿತು. ಬಟ್ಟಲು ತುಂಬಿತು, ಬರಿದಾಯಿತು, ತುಂಬಿತು. ಅವಳು ರಾಜನನ್ನು ಕುದುರೆಯ ಹಿಂದೆ ಬಚ್ಚಿಟ್ಟಳು, ಒಂಟೆಯ ಪಕ್ಕ ನಿಲ್ಲಿಸಿದಳು, ಕಾಲಾಳುಗಳ ನಡುವೆ ನುಸುಳಿಸಿಕೊಂಡು ಹೋದಳು. ಮೂರು ವರ್ಷ ಹುಡುಕಿದ ದಾರಿಗಳಲ್ಲೆಲ್ಲ ಓಡಿದಳು. ಹಾಗೆ ಓಡುವಾಗ ಅವಳಿಗೆ ಒಂದು ಕಾಣಿಸತೊಡಗಿತು. ಈ ದಾರಿಗಳನ್ನೆಲ್ಲ ಅವನೂ ನೋಡಿದ್ದ. ಅವಳು ತಪ್ಪು ಮಾಡಿದಾಗಲೆಲ್ಲ ಅವನಿಗೆ ಗೊತ್ತಾಗಿತ್ತು. ಗೆಲ್ಲುವ ಕಾಯಿಯ ಮೇಲೆ ಆ ಸಣ್ಣ ಕೈ ಒಂದು ಗಳಿಗೆ ನಿಂತು, ಆಮೇಲೆ ಪಕ್ಕದ ಕಾಯಿಯನ್ನು ಎತ್ತಿಕೊಳ್ಳುತ್ತಿತ್ತಲ್ಲ, ಅದನ್ನು ಅವಳು ಆಗ ದಡ್ಡತನ ಎಂದುಕೊಂಡು ನಕ್ಕಿದ್ದಳು.

ಅವಳಿಗೆ ಮಣೆ ಕಾಣದಾಯಿತು. ಕಣ್ಣು ಒರೆಸಿಕೊಂಡು ಆಡಿದಳು, ಮತ್ತೆ ಒರೆಸಿಕೊಂಡು ಆಡಿದಳು. ಗಾಣದ ಮನೆಯ ಹುಡುಗಿಯೂ ಅಳುತ್ತಿದ್ದಳು. ಅಳುತ್ತಲೇ ಆನೆಯನ್ನು ತಂದು ದಾರಿ ಕಟ್ಟಿದಳು, ಅಳುತ್ತಲೇ ಇನ್ನೊಂದು ಆನೆಯನ್ನು ತಂದಳು. ರಾಜ ಬಯಲಿನ ನಡುವೆ ನಿಂತಿದ್ದ. ಅವನಿಗೆ ಹೋಗಲು ಒಂದು ಮನೆಯೂ ಉಳಿದಿರಲಿಲ್ಲ. ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡು, "ನಾನು ಕನಿಕರಕ್ಕೆ ಆಡ್ಲಿಲ್ಲ ಅಕ್ಕಾ, ತಪ್ಪು ತಿಳ್ಕೋಬೇಡ" ಎಂದಳು.

"ಇಲ್ಲಮ್ಮ" ಎಂದಳು ಅಕ್ಕ. "ನೀನು ಸರಿಯಾಗೇ ಆಡಿದೆ."

ಸೋತ ಹೆಸರನ್ನು ಕೊನೆಯ ಸಲ ಕರೆಯಲು ಒಬ್ಬರಿಗೆ ಅವಕಾಶವಿದೆ, ಒಂದೇ ಒಂದು ಸಲ. ಅಜ್ಜ ಹಲಗೆಯನ್ನು ಮಡಿಲಲ್ಲಿಟ್ಟುಕೊಂಡು ತಾಯಿಯ ಕಡೆ ನೋಡಿದ. ತಾಯಿ ಎದ್ದು ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ಆಮೇಲೆ ಮಗಳ ಬೆನ್ನಿನ ಮೇಲೆ ಕೈ ಇಟ್ಟು, "ನೀನು ಕರಿ" ಎಂದಳು.

"ನಾನಾ? ಬೇಡ ಅಮ್ಮಾ. ನನ್ನ ಕೈಲಾಗಲ್ಲ. ನೀನು ಕರಿ."

"ನಾನು ಕರೆದ್ರೆ ಯಾವತ್ತು ಒಂದೇ ಕೂಗಿಗೆ ಬಂದಿದ್ದ ಅವನು? ನೀನು ಕರೆದ್ರೆ ತುತ್ತು ಬಿಟ್ಟು ಓಡ್ತಿದ್ದ. ಕರಿಯೇ."

ಅಕ್ಕ ಎದ್ದು ನಿಂತಳು. ಬೀದಿಯ ಕಡೆ ತಿರುಗಿ, ಎರಡೂ ಕೈಯನ್ನು ಬಾಯಿಯ ಸುತ್ತ ಹಿಡಿದು, ಊರಿನ ಕೊನೆಯ ಮನೆಗೂ ಕೇಳುವ ಹಾಗೆ ಕೂಗಿದಳು.

"ಮುದ್ದುರಂಗಾ... ಬಾರೋ, ಆಡೋಣ!"

ಕೂಗಿದ ಮೇಲೆ ಎಲ್ಲರೂ ಬೀದಿಯ ತುದಿಯನ್ನೇ ನೋಡಿದರು. ಯಾರನ್ನಾದರೂ ಕರೆದಾಗ ಮನುಷ್ಯರು ನೋಡುವುದೇ ಹಾಗೆ. ಬಿಸಿಲು ಬಿದ್ದಿತ್ತು, ಒಂದು ನಾಯಿ ದಾಟಿ ಹೋಯಿತು. ಸ್ವಲ್ಪ ಹೊತ್ತು ಕಾದು ಅಜ್ಜ ಕೀಸುಳಿ ತೆಗೆದ. ಹಲಗೆಯನ್ನು ಮೇಲಿನಿಂದ ಕೆಳಗೆ ಒಂದೇ ಸಮ ಕೀಸಿದ. ಹಲಸಿನ ಹಳದಿ ಸಿಪ್ಪೆಗಳು ಅವನ ಕಾಲ ಬಳಿ ಬಿದ್ದವು. ಊರಿನವರು ಒಬ್ಬೊಬ್ಬರಾಗಿ ಎದ್ದು, ತಾಯಿಯ ಕೈ ಮುಟ್ಟಿ ಮನೆಗೆ ಹೋದರು.

ತಾಯಿ ಮಗಳು ನಡೆದುಕೊಂಡು ಹೊರಟರು. ಬಾವಿಯ ತಿರುವಿನಲ್ಲಿ ಅಕ್ಕ ನಿಂತಳು.

"ಅಮ್ಮಾ, ಅವನಿಗೆ ಗೊತ್ತಿತ್ತು ಅಂತ ನನಗ್ಯಾಕೆ ಒಂದು ದಿನಾನೂ ಹೇಳಲಿಲ್ಲ ನೀನು? ಅವನು ಇದ್ದಾಗಲೇ ಹೇಳಬಹುದಿತ್ತಲ್ಲ."

"ಹೇಳಬೇಡ ಅಂತ ಆಣೆ ಹಾಕಿಸಿಕೊಂಡಿದ್ದ."

"ಯಾಕೆ?"

ಹೇಳುವುದೋ ಬಿಡುವುದೋ ಎಂದು ತಾಯಿ ಯೋಚಿಸಿದ ಹಾಗೆ ಕಾಣಿಸಿತು. ಆಮೇಲೆ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡು ಹೇಳಿದಳು.

"ಗೊತ್ತಾದ್ರೆ ಅಕ್ಕ ನನ್ನ ಜೊತೆ ಆಡೋದನ್ನೇ ಬಿಟ್ಟುಬಿಡ್ತಾಳೆ ಅಂದ."